ಕಾಫಿ ಪೂಲ್ ಹೋದ ಮೇಲೆ: ನಿಯಂತ್ರಣ ತೆಗೆದದ್ದರಿಂದ ಯಾರಿಗೆ ಏನು ದಕ್ಕಿತು?

ಕಣದಂಚು (ಚರ್ಚೆ ಆರಂಭಿಸಿದವರು)

ನಾನು ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಮೊನ್ನೆ ತರಗತಿಯಲ್ಲಿ ‘ಡೀರೆಗ್ಯುಲೇಷನ್’ ಎಂಬ ಪದವನ್ನು ವಿವರಿಸುತ್ತ, ಅಮೆರಿಕದವರು 1978ರಲ್ಲಿ ವಿಮಾನಯಾನದ ಮೇಲಿದ್ದ ದರ ನಿಯಂತ್ರಣವನ್ನು ತೆಗೆದ ಕಥೆ ಹೇಳಿದೆ. ನಮ್ಮ ಮಲೆನಾಡಿನ ಮಕ್ಕಳಿಗೆ ಅದು ನಾಟಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ನಮ್ಮಜ್ಜ ಪೂಲ್ ಇದ್ದಾಗ ಹಾಗಿತ್ತು, ಪೂಲ್ ಹೋದ ಮೇಲೆ ಹೀಗಾಯ್ತು ಅಂತಿರ್ತಾರೆ. ಇದೂ ಅದೇನಾ ಸರ್?’ ಎಂದು ಕೇಳಿದ. ಅದೇ ಎಂದೆ. (ಗೊತ್ತಿಲ್ಲದವರಿಗೆ: ಬೆಳೆಗಾರರೆಲ್ಲರ ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿ ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ವ್ಯವಸ್ಥೆಯೇ ಪೂಲ್.) ‘ಹಾಗಾದರೆ ಪೂಲ್ ಹೋದದ್ದು ಒಳ್ಳೆಯದಾಯ್ತಾ, ಕೆಟ್ಟದ್ದಾಯ್ತಾ?’ ಎಂದು ಅವನು ಮುಂದುವರಿಸುವಷ್ಟರಲ್ಲಿ ಗಂಟೆ ಹೊಡೆದದ್ದು ನನ್ನ ಪುಣ್ಯ. ಕಾಫಿ ಬೆಳೆದವರು, ಕಾಫಿಯ ಸಿಪ್ಪೆ ತೆಗೆದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ದುಡಿದವರು, ಪುಡಿ ಕೊಳ್ಳುವವರು ಎಲ್ಲರೂ ಇಲ್ಲಿ ಇದ್ದೀರಿ ಎಂಬ ಧೈರ್ಯದಿಂದ ಆ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಪದದ ಗೊಂದಲವನ್ನು ಬಿಡಿಸಿಕೊಳ್ಳೋಣ. ಸರ್ಕಾರದ ಒಡೆತನದಲ್ಲಿದ್ದುದನ್ನು ಮಾರಿದರೆ ಅದು ಖಾಸಗೀಕರಣ. ಒಡೆತನ ಯಾರದ್ದೇ ಇರಲಿ, ಯಾರು ಯಾರಿಗೆ ಮಾರಬೇಕು, ಎಷ್ಟಕ್ಕೆ ಮಾರಬೇಕು, ಯಾರಿಗೆ ಪರವಾನಗಿ ಇರಬೇಕು ಎಂದು ಕಟ್ಟುಮಾಡಿದ್ದ ನಿಯಮವನ್ನು ಹಿಂದಕ್ಕೆ ಪಡೆದರೆ ಅದು ನಿಯಂತ್ರಣ ತೆರವು. ನಮ್ಮ ಕಾಫಿಯಲ್ಲಿ ಆದದ್ದು ಈ ಎರಡನೆಯದು. ಕಾಫಿ ಮಂಡಳಿಯನ್ನು ಯಾರೂ ಕೊಳ್ಳಲಿಲ್ಲ. ಬೆಂಗಳೂರಿನ ಅದರ ಕಚೇರಿಯಾಗಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವಾಗಲಿ ಮುಚ್ಚಲಿಲ್ಲ. ಹೋದದ್ದು ಒಂದೇ ಒಂದು ಸಂಗತಿ: ಬೆಳೆಗಾರ ತನ್ನ ಬೆಳೆಯನ್ನೆಲ್ಲ ಮಂಡಳಿಯ ಪೂಲಿಗೇ ಒಪ್ಪಿಸಬೇಕೆಂಬ ಕಡ್ಡಾಯ.

ಆ ಕಡ್ಡಾಯ ಹುಟ್ಟಿದ್ದಾದರೂ ಬೆಳೆಗಾರನನ್ನು ಹಿಂಡುವುದಕ್ಕಲ್ಲ, ಉಳಿಸುವುದಕ್ಕೆ. ಎರಡನೆಯ ಮಹಾಯುದ್ಧ ಶುರುವಾಗಿ ಯುರೋಪಿನ ಮಾರುಕಟ್ಟೆ ಬಾಗಿಲು ಹಾಕಿದಾಗ ಕಾಫಿ ಕೇಳುವವರೇ ಇಲ್ಲವಾದರು. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಯ್ದೆ ಬಂತು. ಯುದ್ಧ ಮುಗಿದರೂ ಆ ವ್ಯವಸ್ಥೆ ಅರ್ಧ ಶತಮಾನ ಬಾಳಿತು. ಆಮೇಲೆ ಅದನ್ನು ಕಳಚಿದ ವೇಗ ನೋಡಿ: 1992ರಲ್ಲಿ ಬೆಳೆಯ ಶೇ. 30ನ್ನು ದೇಶದೊಳಗೆ ತಾನೇ ಮಾರಿಕೊಳ್ಳಬಹುದೆಂಬ ಆಂತರಿಕ ಮಾರಾಟ ಕೋಟಾ, 1993ರಲ್ಲಿ ಶೇ. 50ರ ಮುಕ್ತ ಮಾರಾಟ ಕೋಟಾ, ಅದರ ಬೆನ್ನಿಗೇ ಸಣ್ಣ ಬೆಳೆಗಾರರಿಗೆ ಪೂರ್ಣ ಬಿಡುಗಡೆ, 1996ರಲ್ಲಿ ಎಲ್ಲರಿಗೂ ಬಿಡುಗಡೆ. ಐವತ್ತು ವರ್ಷದ ಕಟ್ಟಡವನ್ನು ನಾಲ್ಕು ವರ್ಷದಲ್ಲಿ ಇಳಿಸಲಾಯಿತು. ಅದರ ಫಲ ಏನೆಂದು ನೀವು ಕಂಡಂತೆ ಬರೆಯಿರಿ.

ಹಳೆಯ ಗುಮಾಸ್ತ

ಮೇಷ್ಟ್ರೇ, ನಾನು ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಪೂಲ್ ಎಂದರೆ ಏನೆಂದು ಈಗಿನವರಿಗೆ ಹೇಳುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ.

ಬೆಳೆಗಾರ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜ) ಅಥವಾ ಒಣ ಚೆರ್ರಿಯನ್ನು (ಇಡಿಯಾಗಿ ಒಣಗಿಸಿದ ಹಣ್ಣು) ತಂದು ಹಾಕುತ್ತಿದ್ದ. ಮನೆಯ ಬಳಕೆಗೆ ಮತ್ತು ಬಿತ್ತನೆಗೆ ಇಟ್ಟುಕೊಳ್ಳಲು ಬಿಟ್ಟದ್ದನ್ನು ಹೊರತುಪಡಿಸಿ ಉಳಿದದ್ದೆಲ್ಲ ಬರಲೇಬೇಕಿತ್ತು. ಪರ್ಮಿಟ್ ಇಲ್ಲದೆ ತನ್ನದೇ ತೋಟದ ಕಾಫಿಯನ್ನು ಸಾಗಿಸಿದರೆ ಅದು ಅಪರಾಧ. ನಾವು ಮಂಡಳಿಯ ಪರವಾಗಿ ತೂಗಿ, ಸಿಪ್ಪೆ ತೆಗೆಸಿ, ಗ್ರೇಡ್ ಮಾಡಿಸುತ್ತಿದ್ದೆವು. ಗಾರ್ಬ್ಲಿಂಗ್ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕುಳಿತು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಿದ್ದರು. ಒಬ್ಬರ ಕಾಫಿ ಇನ್ನೊಬ್ಬರದ್ದರ ಜೊತೆ ಸೇರಿದ ಮೇಲೆ ಅದಕ್ಕೆ ಗುರುತಿಲ್ಲ. ಬೆಳೆಗಾರನ ಹೆಸರಿನಲ್ಲಿ ಉಳಿಯುತ್ತಿದ್ದುದು ತೂಕಕ್ಕೂ ದರ್ಜೆಗೂ ತಕ್ಕ ಪಾಯಿಂಟುಗಳು ಮಾತ್ರ. ಮಂಡಳಿ ರಫ್ತಿನ ಹರಾಜಿಗೆ ಎಷ್ಟು, ದೇಶದೊಳಗಿನ ಹರಾಜಿಗೆ ಎಷ್ಟು ಎಂದು ನಿರ್ಧರಿಸಿ ಮಾರುತ್ತಿತ್ತು. ಖರ್ಚು ಕಳೆದು ಉಳಿದದ್ದನ್ನು ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಂಚುತ್ತಿತ್ತು. ಈ ವರ್ಷದ ಕೊಯಿಲು ನಡೆಯುತ್ತಿರುವಾಗ ಹಿಂದಿನ ವರ್ಷದ, ಒಮ್ಮೊಮ್ಮೆ ಅದಕ್ಕೂ ಹಿಂದಿನ ವರ್ಷದ ಕಂತು ಬರುತ್ತಿತ್ತು.

ಈ ವ್ಯವಸ್ಥೆಯ ಸ್ವರೂಪ ಎಷ್ಟು ವಿಚಿತ್ರವಾಗಿತ್ತೆಂದರೆ, ಬೆಳೆಗಾರ ಪೂಲಿಗೆ ಕಾಫಿ ಕೊಡುವುದು ‘ಮಾರಾಟ’ವೋ ಅಥವಾ ಸರ್ಕಾರ ವಶಪಡಿಸಿಕೊಳ್ಳುವುದೋ ಎಂಬ ಪ್ರಶ್ನೆ ತೆರಿಗೆಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದು ಮಾರಾಟವೇ, ಖರೀದಿ ತೆರಿಗೆ ಸಲ್ಲುತ್ತದೆ ಎಂದು 1988ರಲ್ಲಿ ತೀರ್ಪಾಯಿತು. ಬೇರೆಯವರಿಗೆ ಮಾರುವಂತಿಲ್ಲ, ಬೆಲೆ ಕೇಳುವಂತಿಲ್ಲ, ಆದರೂ ಅದು ಮಾರಾಟ! ನಮ್ಮ ಆಫೀಸಿನಲ್ಲಿ ಅದನ್ನು ಓದಿ ನಕ್ಕವರೇ ಹೆಚ್ಚು.

ಆದರೂ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಎರಡು ಎಕರೆಯವನಿಗೂ ಇನ್ನೂರು ಎಕರೆಯವನಿಗೂ ಒಂದೇ ದರ್ಜೆಯ ಕಾಫಿಗೆ ಒಂದೇ ಪಾಯಿಂಟು, ಒಂದೇ ದರ. ಹಣ ತಡವಾಗಿ ಬರುತ್ತಿತ್ತು, ಆದರೆ ಬಾರದೆ ಹೋಗುತ್ತಿರಲಿಲ್ಲ.

ಸೋಮವಾರಪೇಟೆ ಬೆಳೆಗಾರ

ಹಿರಿಯರು ಬರೆದದ್ದರ ಕೊನೆಯ ವಾಕ್ಯವನ್ನು ನಾನು ಒಪ್ಪುತ್ತೇನೆ, ಆದರೆ ಆ ‘ತಡ’ ಎಂಬ ಎರಡಕ್ಷರದ ಒಳಗೆ ಎಷ್ಟು ಬಡ್ಡಿ ಅಡಗಿತ್ತು ಎಂಬುದನ್ನು ಅವರು ಬರೆಯಲಿಲ್ಲ. ನಮ್ಮ ತಂದೆ ಪೂಲಿನ ಕಂತು ಬರುವವರೆಗೆ ಗೊಬ್ಬರಕ್ಕೆ, ಆಳಿನ ಬಟವಾಡೆಗೆ ಸಾಲ ಮಾಡುತ್ತಿದ್ದರು. ಕಂತು ಬಂದ ದಿನವೇ ಅದು ಸಾಲಗಾರನ ಪಾಲಾಗುತ್ತಿತ್ತು. ತನ್ನದೇ ಹಣಕ್ಕೆ ತಾನೇ ಬಡ್ಡಿ ಕಟ್ಟುವ ಸ್ಥಿತಿ ಅದು. ಬೆಲೆ ಎಷ್ಟು ಎಂದು ಗೊತ್ತಿಲ್ಲದೆ ಬೆಳೆದು, ಬೆಲೆ ಎಷ್ಟು ಎಂದು ಗೊತ್ತಾಗದೆ ಕೊಟ್ಟು, ಬಂದದ್ದನ್ನು ಪ್ರಸಾದದಂತೆ ತೆಗೆದುಕೊಳ್ಳಬೇಕಿತ್ತು. ನಮ್ಮ ತೋಟದ ಪಾರ್ಚ್‌ಮೆಂಟ್ ಎಷ್ಟೇ ಚೊಕ್ಕಟವಾಗಿದ್ದರೂ ಅದು ಎಲ್ಲರ ರಾಶಿಯಲ್ಲಿ ಕರಗಿಹೋಗುತ್ತಿತ್ತು. ಗ್ರೇಡಿನ ಆಚೆಗೆ ರುಚಿಗೆ ಬೆಲೆಯೇ ಇರಲಿಲ್ಲ. ಈಗ ಕೆಲವರು ತಮ್ಮ ತೋಟದ ಹೆಸರಿನಲ್ಲೇ ಹೊರದೇಶಕ್ಕೆ ಕಾಫಿ ಕಳಿಸುತ್ತಿದ್ದಾರೆ ಎಂದರೆ ಅದು ಪೂಲ್ ಇದ್ದಿದ್ದರೆ ಕನಸಿನಲ್ಲೂ ಆಗುತ್ತಿರಲಿಲ್ಲ.

ಮುಕ್ತ ಮಾರಾಟ ಬಂದ ಮೊದಲ ವರ್ಷಗಳ ಸಂಭ್ರಮ ನನಗೆ ನೆನಪಿದೆ. ಕಣಕ್ಕೇ ಜೀಪು ಬಂದು ನಿಲ್ಲುತ್ತಿತ್ತು, ಅಂದೇ ಹಣ. ಊರಲ್ಲಿ ಹೊಸ ಮನೆಗಳೆದ್ದವು, ಗದ್ದೆಯ ಅಂಚಿನವರೆಗೂ ರೊಬಸ್ಟಾ ಜಾತಿಯ ಕಾಫಿ ಗಿಡ ಹಬ್ಬಿತು.

ಆಮೇಲಿನದ್ದನ್ನೂ ಮುಚ್ಚಿಡುವುದಿಲ್ಲ. ಬೆಲೆ ಏರುತ್ತದೆಂದು ಕಾಯುವವರು ಕಾಫಿಯನ್ನು ವ್ಯಾಪಾರಿಯ ಗೋದಾಮಿನಲ್ಲಿ ದರ ಕಡಿಯದೆ, ಅಂದರೆ ಗೊತ್ತುಮಾಡದೆ, ಇಟ್ಟು ಬರುವ ಪದ್ಧತಿ ಶುರುವಾಯಿತು. ನಮ್ಮ ಮಗ್ಗುಲ ತೋಟದವರು ಒಂದಿಡೀ ವರ್ಷದ ಫಸಲನ್ನು ಹಾಗೆ ಇಟ್ಟಿದ್ದರು. ಅವರ ಕೈಯಲ್ಲಿದ್ದುದು ಬಿಳಿ ಹಾಳೆಯ ಮೇಲೆ ಚೀಲದ ಲೆಕ್ಕ ಬರೆದ ಒಂದು ಚೀಟಿ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗೋದಾಮಿಗೆ ಬೀಗ, ಒಳಗೆ ಕಾಫಿಯೂ ಇಲ್ಲ. ಪೂಲಿನಲ್ಲಿ ಹಾಗಾಗುತ್ತಿರಲಿಲ್ಲ ಎಂಬುದು ನಿಜವೇ. ಆದರೂ ಪೂಲ್ ಮತ್ತೆ ಬೇಕೆ ಎಂದರೆ ನಾನು ಬೇಡವೆನ್ನುತ್ತೇನೆ.

ಬಸವನಗುಡಿ ಫಿಲ್ಟರ್

ತೋಟ ನೋಡದ, ದಿನಕ್ಕೆ ಮೂರು ಲೋಟ ಕುಡಿಯುವವನ ಪ್ರಶ್ನೆಯೊಂದಿದೆ. ಬೆಳೆಗಾರರಿಗೆ ಬೆಲೆ ಕುಸಿದಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದ ದಿನಗಳಲ್ಲೂ ನಾನು ಕೊಳ್ಳುವ ಅಂಗಡಿಯಲ್ಲಿ ಪುಡಿಯ ದರ ಇಳಿದದ್ದನ್ನು ನಾನು ಕಾಣಲಿಲ್ಲ; ಬೀಜದ ದರ ಏರಿದ ಸುದ್ದಿ ಬಂದ ವಾರವೇ ಹಲಗೆಯ ಮೇಲಿನ ಅಂಕಿ ತಿದ್ದಿಹೋಗುತ್ತದೆ. ಮಾರುಕಟ್ಟೆ ಮುಕ್ತವಾದರೆ ಸ್ಪರ್ಧೆಯಿಂದ ಗ್ರಾಹಕನಿಗೆ ಲಾಭ ಎನ್ನುತ್ತಾರಲ್ಲ, ಅದು ಎಲ್ಲಿ ಸೋರಿಹೋಯಿತು?

ಅಂಕಿಅಂಶ

ಫಿಲ್ಟರ್ ಅವರೇ, ಪುಡಿಯ ದರದಲ್ಲಿ ಬೀಜದ ಪಾಲು ಒಂದು ಭಾಗ ಮಾತ್ರ. ಹುರಿಯುವುದು, ಚಿಕೋರಿ, ಬಾಡಿಗೆ, ಸಂಬಳ, ತೆರಿಗೆ ಇವು ಬೀಜದ ಜೊತೆ ಇಳಿಯುವುದಿಲ್ಲ. ಜೊತೆಗೆ, ಏರಿದ್ದನ್ನು ಬೇಗ ದಾಟಿಸಿ ಇಳಿದದ್ದನ್ನು ನಿಧಾನವಾಗಿ ದಾಟಿಸುವುದು ಎಲ್ಲ ಅಂಗಡಿಗಳ ಹಳೆಯ ಜಾಣತನ. ನಿಯಂತ್ರಣ ತೆಗೆದದ್ದು ಬೆಳೆಗಾರ ಮತ್ತು ಮಂಡಳಿಯ ನಡುವೆ. ನಿಮ್ಮ ಮತ್ತು ಅಂಗಡಿಯ ನಡುವೆ ಅಲ್ಲ.

ಮೂಲ ಪ್ರಶ್ನೆಗೆ ಬರುವುದಾದರೆ, ಪೂಲ್ ಹೋದದ್ದನ್ನು ಹೊಗಳುವವರೂ ಹಳಿಯುವವರೂ ಒಂದೇ ತಪ್ಪು ಮಾಡುತ್ತಿದ್ದಾರೆ ಎಂದು ನನಗೆ ತೋರುತ್ತದೆ. ತೊಂಬತ್ತರ ದಶಕದ ಸಂಭ್ರಮವನ್ನೂ 2001ರಲ್ಲಿ ಬೆಲೆ ಕುಸಿದ ಸಂಕಟವನ್ನೂ ಎರಡನ್ನೂ ಮುಕ್ತ ಮಾರಾಟದ ಖಾತೆಗೇ ಬರೆಯಲಾಗುತ್ತಿದೆ. ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯ ಸರಾಸರಿ ಸೂಚ್ಯಂಕ ದರ 1992ರಲ್ಲಿ ಪೌಂಡಿಗೆ ಸುಮಾರು 53 ಸೆಂಟ್ ಇತ್ತು, 1994ರಲ್ಲಿ 134 ಸೆಂಟ್ ಆಯಿತು, 2001ರಲ್ಲಿ 46 ಸೆಂಟಿಗೆ ಬಿತ್ತು. ಇವುಗಳಲ್ಲಿ ಯಾವುದನ್ನೂ ದೆಹಲಿಯಾಗಲಿ ಬೆಂಗಳೂರಾಗಲಿ ಮಾಡಲಿಲ್ಲ. ಕಾಫಿ ಬೆಳೆಯುವ ಮತ್ತು ಕೊಳ್ಳುವ ದೇಶಗಳು ರಫ್ತಿನ ಕೋಟಾ ಹಂಚಿಕೊಂಡು ಬೆಲೆ ಹಿಡಿದಿಟ್ಟಿದ್ದ ಒಪ್ಪಂದದ ಆ ಕೋಟಾಗಳು 1989ರಲ್ಲಿ ಮುರಿದು ಬಿದ್ದದ್ದರಿಂದ ಬೆಲೆ ಕುಸಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಗಿ, ರೂಪಾಯಿ ವ್ಯಾಪಾರದಲ್ಲಿ ನಮ್ಮ ಕಾಫಿಯನ್ನು ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಕೈತಪ್ಪಿದ. ಪೂಲ್ ಬೇಡವೆಂಬ ಕೂಗು ಜೋರಾದದ್ದೂ ಈ ಕಷ್ಟದ ವರ್ಷಗಳಲ್ಲೇ. ಆಮೇಲೆ 1994ರಲ್ಲಿ ಬ್ರೆಜಿಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಸುಟ್ಟುಹೋದವು, ಬೆಲೆ ಏರಿ ಇಲ್ಲಿ ಜೀಪುಗಳು ಕಣಕ್ಕೆ ಬಂದವು. 1991ರಲ್ಲಿ ರೂಪಾಯಿಯ ಮೌಲ್ಯ ಇಳಿಸಿದ್ದೂ ರಫ್ತಿನ ಬೆಳೆಗೆ ಸೇರಿಕೊಂಡಿತು. ಕೊನೆಗೆ ವಿಯೆಟ್ನಾಮಿನ ರೊಬಸ್ಟಾ ಪ್ರವಾಹದಂತೆ ಬಂದು ಬೆಲೆಯನ್ನು ಕೊಚ್ಚಿಕೊಂಡು ಹೋಯಿತು.

ಹಾಗಾದರೆ ನಿಯಂತ್ರಣ ತೆರವು ಮಾಡಿದ್ದೇನು? ಆ ಏರಿಳಿತ ಬೆಳೆಗಾರನ ಕಣವನ್ನು ಮುಟ್ಟುವ ದಾರಿಯನ್ನು ಅದು ಬದಲಿಸಿತು. ಪೂಲಿನಲ್ಲಿ ಹಲವು ತಿಂಗಳ ಮಾರಾಟ ಸೇರಿ ಸರಾಸರಿಯಾಗಿ ಬರುತ್ತಿದ್ದ ಬೆಲೆ, ಈಗ ಲಂಡನ್ನಿನ ರೊಬಸ್ಟಾ ದರ, ನ್ಯೂಯಾರ್ಕಿನ ಅರೇಬಿಕಾ ದರ ಅಲುಗಿದ ಮರುದಿನವೇ ಸೋಮವಾರಪೇಟೆಯಲ್ಲಿ ಅಲುಗುತ್ತದೆ. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಪೌಂಡಿಗೆ ಮೂರು ಡಾಲರ್ ದಾಟಿದಾಗ ಅದು ವರವಾಯಿತು, 2001ರಲ್ಲಿ ಅದೇ ದಾರಿ ಶಾಪವಾಯಿತು. ಬೆಳೆಯ ಪ್ರಮಾಣವನ್ನೂ ನೋಡಿ: 1990–91ರಲ್ಲಿ ದೇಶದ ಕಾಫಿ ಸುಮಾರು 1.7 ಲಕ್ಷ ಟನ್, 2000–01ರಲ್ಲಿ 3 ಲಕ್ಷ ಟನ್. ಬೆಲೆ ಉತ್ತಮವಾಗಿದ್ದಾಗ ನೆಟ್ಟ ಗಿಡಗಳು ಫಲ ಕೊಡುವ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು. ಕಾಫಿ ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾಯಬೇಕು. ಇಂದಿನ ಬೆಲೆ ನೋಡಿ ನೆಡುವವನು ಇನ್ನೊಂದು ಕಾಲದ ಬೆಲೆಗೆ ಮಾರುತ್ತಾನೆ. ರಾಗಿ ಬೆಳೆಯುವವನು ಮುಂದಿನ ವರ್ಷ ಬೇರೆ ಬಿತ್ತಬಹುದು, ಈತ ಹಾಗೆ ಮಾಡಲಾರ.

ಈ ಅಪಾಯಕ್ಕೆ ಬದಲಿ ವ್ಯವಸ್ಥೆ ಕಟ್ಟಲು ಯಾರೂ ಯತ್ನಿಸಲಿಲ್ಲ ಎನ್ನುವಂತಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಕಾಫಿಗೆಂದೇ ಫ್ಯೂಚರ್ಸ್ ವಿನಿಮಯ ಕೇಂದ್ರವೊಂದು (ಮುಂದಿನ ತಿಂಗಳುಗಳ ಬೆಲೆಯನ್ನು ಇಂದೇ ಗೊತ್ತುಮಾಡಿಕೊಳ್ಳುವ ಪೇಟೆ) ಹುಟ್ಟಿ, ವಹಿವಾಟು ಸಾಲದೆ ಸೊರಗಿತು. 2003ರಲ್ಲಿ ಚಹಾ, ಕಾಫಿ, ರಬ್ಬರ್, ತಂಬಾಕಿಗೆಂದು 500 ಕೋಟಿ ರೂಪಾಯಿಯ ಬೆಲೆ ಸ್ಥಿರೀಕರಣ ನಿಧಿ ಬಂತು. ನಾಲ್ಕು ಹೆಕ್ಟೇರಿನವರೆಗಿನ ಬೆಳೆಗಾರರಿಗೆ ಅದು ಇತ್ತು, ಆದರೆ ಸೇರಿದವರು ಕಡಿಮೆ. ಪೂಲ್ ಹೋದದ್ದು 1996ರಲ್ಲಿ, ಬೆಲೆ ಬಿದ್ದದ್ದು ಶತಮಾನದ ತಿರುವಿನಲ್ಲಿ, ನಿಧಿ ಬಂದದ್ದು 2003ರಲ್ಲಿ. ಛಾವಣಿ ಕಿತ್ತು, ಮಳೆಗಾಲ ಕಳೆದ ಮೇಲೆ ಹೆಂಚು ತರಿಸಿದ ಹಾಗೆ.

ತೋಟದ ಮನೆ

ಅಂಕಿಅಂಶ ಅವರ ಲೆಕ್ಕಕ್ಕೆ ಕೂಲಿಯವರನ್ನೂ ಸೇರಿಸಬೇಕೆಂದು ಬರೆಯುತ್ತಿದ್ದೇನೆ. ಮಾವನವರು ಹಾಸಿಗೆ ಹಿಡಿದ ವರ್ಷದಿಂದ ತೋಟದ ಬಟವಾಡೆ ಪುಸ್ತಕ ನನ್ನ ಕೈಯಲ್ಲಿದೆ. 2001ರಲ್ಲಿ ನಾವು ಮೊದಲು ನಿಲ್ಲಿಸಿದ್ದು ಗೊಬ್ಬರ, ಆಮೇಲೆ ಕಳೆ ತೆಗೆಸುವುದು, ಆಮೇಲೆ ಬಿಳಿ ಕಾಂಡಕೊರಕ ಹುಳು ಹಿಡಿದ ಅರೇಬಿಕಾ ಗಿಡಗಳನ್ನು ಹುಡುಕಿ ಕೀಳಿಸುವುದು. ಆ ಪುಸ್ತಕದಲ್ಲಿ ಒಂದು ಪುಟಕ್ಕೆ ಇಪ್ಪತ್ತೆರಡು ಹೆಸರು ಇದ್ದದ್ದು ಎರಡು ವರ್ಷದಲ್ಲಿ ಒಂಬತ್ತಕ್ಕೆ ಇಳಿದಿದೆ. ಬ್ಯಾಂಕಿನ ಬಡ್ಡಿ ಕಟ್ಟಲು ತೋಟದ ನೆರಳಿನ ಸಿಲ್ವರ್ ಓಕ್ ಮರಗಳನ್ನು ಮಾರಿದೆವು. ಗಿಡಕ್ಕೆ ಮಾಡದ ಆರೈಕೆಯ ಫಲ ಬೆಲೆ ಸುಧಾರಿಸಿದ ಮೇಲೂ ಹಲವು ವರ್ಷ ನಮ್ಮನ್ನು ಕಾಡಿತು. ಬೆಲೆ ಬಿದ್ದಾಗ ನಮಗೆ ಕಳೆದುಕೊಳ್ಳಲು ತೋಟವಾದರೂ ಇತ್ತು. ಪುಸ್ತಕದಿಂದ ಹೆಸರು ಹೋದವರಿಗೆ ಮುಕ್ತ ಮಾರುಕಟ್ಟೆಯಿಂದ ಬಂದ ಮೇಲೇರಿಕೆಯಲ್ಲಿ ಪಾಲು ಅಷ್ಟಕ್ಕಷ್ಟೇ ಇತ್ತು, ಕುಸಿತದಲ್ಲಿ ಮಾತ್ರ ಪೂರ್ತಿ ಪಾಲು ಸಿಕ್ಕಿತು.

ಇನ್ನೊಂದು ಮಾತು. ನಿಯಂತ್ರಣ ತೆಗೆದರು ಎನ್ನುತ್ತೇವೆ, ಆದರೆ ತೆಗೆದದ್ದು ಒಂದು ತುದಿಯಲ್ಲಿ ಮಾತ್ರ. ನಾವು ಮಾರುವ ವಸ್ತುವಿಗೆ ಕನಿಷ್ಠ ಬೆಲೆ ಇಲ್ಲ. ನಾವು ಕೊಡುವ ಕೂಲಿಗೆ ಕನಿಷ್ಠ ವೇತನವಿದೆ, ಅದು ಇರಲೇಬೇಕು. ತೋಟ ಒಂದು ಗಾತ್ರ ಮೀರಿದರೆ ಕಾರ್ಮಿಕ ಕಾನೂನಿನಂತೆ ವಸತಿ, ವೈದ್ಯಕೀಯ ನೆರವು ಒದಗಿಸಬೇಕು. ಇವು ಬೇಡವೆಂದು ನಾನು ಹೇಳುತ್ತಿಲ್ಲ. ಖರ್ಚು ಕಾನೂನಿನಂತೆ, ಆದಾಯ ಬ್ರೆಜಿಲಿನ ಹವಾಮಾನದಂತೆ ಎಂಬ ಸ್ಥಿತಿಯನ್ನು ಮೇಷ್ಟ್ರು ತರಗತಿಯಲ್ಲಿ ವಿವರಿಸಬೇಕು ಎಂದಷ್ಟೇ ನನ್ನ ಕೋರಿಕೆ. ಕಾಳುಮೆಣಸಿಗಾದರೆ 2017ರಲ್ಲಿ ಆಮದಿನ ಮೇಲೆ ಕಿಲೋಗೆ 500 ರೂಪಾಯಿಯ ಕನಿಷ್ಠ ದರ ಹಾಕಿದರು. ತೋಟದ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಒಂದು ನೀತಿ, ಅದೇ ಮರದ ಬುಡದ ಕಾಫಿ ಗಿಡಕ್ಕೆ ಇನ್ನೊಂದು.

ಕಣದಂಚು

ಮೇಡಂ, ಖಂಡಿತ ವಿವರಿಸುತ್ತೇನೆ. ಇಷ್ಟೂ ಓದಿದ ಮೇಲೆ ನನಗೆ ಹೊಳೆದದ್ದನ್ನು ಹೇಳಿಬಿಡುತ್ತೇನೆ, ತಪ್ಪಿದ್ದರೆ ತಿದ್ದಿ. ಪೂಲ್ ಹೋದಾಗ ನಿಯಮಗಳು ಹೋಗಲಿಲ್ಲ, ನಿಯಮ ಮಾಡುವವರು ಬದಲಾದರು. ಮೊದಲು ತೂಕ, ತೇವ, ದರ್ಜೆ, ಪಾವತಿ ಇವನ್ನೆಲ್ಲ ಮಂಡಳಿ ಗೊತ್ತುಮಾಡುತ್ತಿತ್ತು. ಈಗ ಅವೆಲ್ಲ ವ್ಯಾಪಾರಿಯ ಅಂಗಡಿಯ ಮೇಜಿನ ಮೇಲೆ ನಿರ್ಧಾರವಾಗುತ್ತವೆ. ಆ ಮೇಜಿನ ಮುಂದೆ ಕಾಯಬಲ್ಲವನಿಗೆ, ದರ ತಿಳಿದವನಿಗೆ, ನಾಲ್ಕು ವ್ಯಾಪಾರಿಗಳನ್ನು ಕೇಳಬಲ್ಲವನಿಗೆ ಬಿಡುಗಡೆಯ ಪೂರ್ಣ ಲಾಭವಿದೆ. ಮಗಳ ಫೀಸಿಗೆ ನಾಳೆಯೇ ಹಣ ಬೇಕಾದವನಿಗೆ ಬೇರೆ ವ್ಯಾಪಾರಿಯನ್ನು ಹುಡುಕುವ ಸ್ವಾತಂತ್ರ್ಯ ಕಾಗದದ ಮೇಲೆ ಮಾತ್ರ ಇದೆ. ನಮ್ಮ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹತ್ತು ಹೆಕ್ಟೇರಿನ ಒಳಗಿನವು ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. 2024ರಲ್ಲಿ ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದಾಗಲೂ, ದರ ಏರುವ ಮೊದಲೇ ಮಾರಿ ಮುಗಿಸಿದ್ದವರು ನಮ್ಮ ಊರಿನಲ್ಲಿ ಹೆಚ್ಚಾಗಿ ಸಣ್ಣವರೇ.

ಗುಮಾಸ್ತರೇ, ಆ ಮೇಜಿನ ಮೇಲೆ ಏನು ನಡೆಯುತ್ತದೆ ಎಂದು ಹುಡುಗರಿಗೆ ತೋರಿಸಬೇಕೆಂದಿದ್ದೇನೆ. ಔಟ್‌ಟರ್ನ್ ಲೆಕ್ಕವನ್ನು ತರಗತಿಯಲ್ಲೇ ಮಾಡಿಸಬಹುದೇ?

ಹಳೆಯ ಗುಮಾಸ್ತ

ಧಾರಾಳವಾಗಿ ಮಾಡಿಸಬಹುದು, ಮೇಷ್ಟ್ರೇ. ರೊಬಸ್ಟಾ ಒಣ ಚೆರ್ರಿಯ ಚೀಲ 50 ಕಿಲೋ. ಅದರಲ್ಲಿ ಸಿಪ್ಪೆ ಹೋಗಿ ಎಷ್ಟು ಕಿಲೋ ಬೀಜ ಬರುತ್ತದೋ ಅದೇ ನೀವು ಕೇಳಿದ ಔಟ್‌ಟರ್ನ್, ಚಿಕ್ಕದಾಗಿ ಓಟಿ. ವ್ಯಾಪಾರಿ ಓಟಿಗೆ ಇಷ್ಟು ರೂಪಾಯಿ ಎಂದು ದರ ಹೇಳುತ್ತಾನೆ, ಎಲ್ಲರೂ ಆ ದರದ ಮೇಲೆಯೇ ಚೌಕಾಶಿ ಮಾಡುತ್ತಾರೆ. ನಿಜವಾದ ಆಟ ಓಟಿಯಲ್ಲಿದೆ. ಓಟಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. 28 ಬರಬೇಕಾದ ಕಡೆ 26 ಎಂದು ಬರೆದುಕೊಂಡರೆ ಚೀಲಕ್ಕೆ 200 ರೂಪಾಯಿ, ನೂರು ಚೀಲಕ್ಕೆ 20,000 ರೂಪಾಯಿ ಹೋಯಿತು, ದರದಲ್ಲಿ ಒಂದು ಪೈಸೆಯೂ ಇಳಿಯದೆ. ತೇವ ಶೇ. 11ರ ಆಸುಪಾಸಿಗೆ ಬಂದಿದೆಯೇ ಎಂದು ಮನೆಯಲ್ಲೇ ತಿಳಿಯಲು ಹಿಂದೆ ಫೋರ್ಲಿಟ್ ಎಂಬ 40 ಲೀಟರಿನ ಅಳತೆಯ ಡಬ್ಬದಲ್ಲಿ ತುಂಬಿ ತೂಗುತ್ತಿದ್ದರು. ಈಗ ಎಷ್ಟು ಮನೆಗಳಲ್ಲಿ ಆ ಡಬ್ಬ ಉಳಿದಿದೆಯೋ.

ಹುಡುಗರಿಗೆ ಹೀಗೆ ಮಾಡಿಸಿ. ಕಣದ ಒಂದೇ ಮೂಲೆಯಿಂದ ತೆಗೆಯದೆ ಹತ್ತಾರು ಚೀಲಗಳಿಂದ ಹಿಡಿ ಹಿಡಿ ತೆಗೆದು ಬೆರೆಸಿ, ಅದರಲ್ಲಿ ಸರಿಯಾಗಿ ಒಂದು ಕಿಲೋ ತೂಗಿಸಿ. ಒರಳಿನಲ್ಲಿ ಬೀಜ ಒಡೆಯದಂತೆ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ, ಬೀಜವನ್ನು ತೂಗಲಿ. 540 ಗ್ರಾಂ ಬಂದರೆ ಓಟಿ 27. ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು, ವ್ಯಾಪಾರಿ ತನ್ನ ಯಂತ್ರದಲ್ಲಿ ಮಾದರಿ ಒಡೆಯುವವರೆಗೆ ಬಾಯಿ ಬಿಡದೆ ನಿಲ್ಲುವಂತೆ ಆ ಹುಡುಗನ ಅಜ್ಜನಿಗೆ ಹೇಳಿಕಳಿಸಿ.